ತಿಪ್ಪೆಗೆ ಹೇಳಿ ಬರಲು ಹೋಗಿದ್ದು

ಬೆಳಿಗ್ಗೆ ಏಳೂವರೆಗೆ ಕಡೂರಿನಲ್ಲಿ ತರೀಕೆರೆ ಬಸ್ಸು ಹತ್ತಿದಾಗ ನನ್ನ ಹೆಸರು ತಿಪ್ಪೇಶ. ಮನೆಗೆ ವಾಪಸಾಗುವಷ್ಟರಲ್ಲಿ ಅದು ತರುಣ್ ಎಂದಾಗಬೇಕಿತ್ತು. ಹೊಸ ಹೆಸರನ್ನು ಆರಿಸಿದ್ದು ಜೊತೆಯಲ್ಲಿದ್ದ ಮಗಳು ಸಿಂಚನ. ಹತ್ತನೇ ತರಗತಿಗೆ ಶಾಲೆಯಲ್ಲಿ ಕೊಟ್ಟ ಫಾರಂ ತುಂಬಿದ್ದಳು, ತಂದೆಯ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದಳು. ತರಗತಿಯ ಹುಡುಗಿಯರು ‘ತಿಪ್ಪೆ ಮಗಳು’ ಎಂದು ಆಡಿಕೊಳ್ಳುತ್ತಾರಂತೆ. ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದರೆ ಜನ್ಮವಿಡೀ ಹೋಗುವುದಿಲ್ಲ ಎಂದು ಅತ್ತಳು. ತಲೆ ಬೋಳಾಗುತ್ತಿರುವವನಿಗೆ ತರುಣ್ ಎಂಬ ಹೆಸರು ಒಪ್ಪುತ್ತದೆಯೇ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಆ ಹೆಸರಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಪ್ರತಿವರ್ಷ ಬೋರ್ಡಿನ ಮೇಲೆ ಇಂಗಾಲದ ಚಕ್ರ ಬರೆದು, ಗಾಳಿಯಿಂದ ಎಲೆಗೆ, ಎಲೆಯಿಂದ ದನಕ್ಕೆ, ದನದಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಗಾಳಿಗೆ ಬಾಣ ಎಳೆಯುತ್ತೇನೆ. ಯಾರಾದರೂ ಪೂರ್ತಿ ಹೆಸರು ಕೇಳಿದರೆ ಮಾತ್ರ ಮಾತು ತಿರುಗಿಸುತ್ತಿದ್ದೆ.

ಬೀರೂರು ದಾಟಿ ಸ್ವಲ್ಪ ದೂರಕ್ಕೆ ಬಸ್ಸು ನಿಂತಿತು. ರಸ್ತೆ ಪಕ್ಕದ ಬತ್ತಿದ ಕೆರೆಯಿಂದ ಕಪ್ಪು ಮಣ್ಣು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಅಡ್ಡ ಬರುತ್ತಿದ್ದವು. ಇದನ್ನೆಲ್ಲ ಎಲ್ಲಿಗೆ ಒಯ್ಯುತ್ತಾರೆ ಎಂದು ಸಿಂಚನ ಕೇಳಿದಳು. ಮುಂದಿನ ಸೀಟಿನ ರೈತರೊಬ್ಬರು ತಿರುಗಿ ಕೂತರು.

“ಕೆರೆಗೋಡು ಕಣವ್ವ. ಮಳೆ ನಮ್ ಹೊಲದ ಸಾರನೆಲ್ಲ ತೊಳ್ಕೊಂಡೋಗಿ ಕೆರೇಲಿ ಹಾಕ್ತದೆ. ಬ್ಯಾಸಿಗೇಲಿ ನಾವು ಹೋಗಿ ವಾಪಸ್ ತತ್ತೀವಿ.”

“ಅಪ್ಪಾ, ಕೆರೆಯಿಂದ ಹೊಲಕ್ಕೆ ಬಾಣ ನಿನ್ ಚಿತ್ರದಲ್ಲಿ ಇಲ್ವಲ್ಲ?” ಎಂದಳು ಮಗಳು. ಇರಲಿಲ್ಲ. ಇಷ್ಟು ವರ್ಷ ಅದು ನನಗೆ ಹೊಳೆದಿರಲೂ ಇಲ್ಲ. ಆ ರೈತರ ಎದುರು ಸ್ವಲ್ಪ ನಾಚಿಕೆಯಾಯಿತು, ನಮ್ಮ ಸೀಮೆಯ ಜನದ ಬಗ್ಗೆ ಹೆಮ್ಮೆಯೂ ಆಯಿತು.

ತರೀಕೆರೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ಮಬ್ಬಾಗಿ ಕಾಣುತ್ತಿತ್ತು. ಇಡ್ಲಿ ತಿಂದು, ವಕೀಲನಾಗಿರುವ ನನ್ನ ಹಳೆಯ ಸಹಪಾಠಿಯ ಆಫೀಸಿಗೆ ಹೋದೆವು. ಹೆಸರು ಬದಲಾವಣೆಯ ಅಫಿಡವಿಟ್ಟನ್ನು ಆಗಲೇ ಟೈಪು ಮಾಡಿಸಿಟ್ಟಿದ್ದ. ನಾನು ಪೆನ್ನು ತೆಗೆದೆ.

“ನಿಮ್ಮತ್ತೆಗೆ ಹೇಳಿದ್ಯೇನೋ?” ಎಂದ.

“ಇಲ್ಲ.”

“ಹೆಸ್ರಿಟ್ಟೋರು ಬದುಕವ್ರೆ. ಕೇಳ್ದೇ ಸಹಿ ಹಾಕ್ಬ್ಯಾಡ ಕಣೋ.”

ಸಹಿ ಹಾಕದೆ, ಅತ್ತೆಯ ಊರಾದ ಅಜ್ಜಂಪುರದ ಬಸ್ಸು ಹತ್ತಿದೆವು. ಮಗಳು ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ದುಡ್ಡು ಕೊಟ್ಟಿದ್ದು ನಾನೊಬ್ಬನೇ ಎಂದು ರೇಗಿಸಿದೆ. ಆ ಮಾತಿಗೂ ಅವಳು ನಗಲಿಲ್ಲ.

ನನಗೆ ಹೆಸರಿಟ್ಟವರು ಅಪ್ಪನ ಅಕ್ಕ ಗಂಗಮ್ಮತ್ತೆ. ಊರಿನಾಚೆ ಹೊಲಕ್ಕೆ ಅಂಟಿದ ಮನೆ, ನಾನು ಹುಟ್ಟಿದ್ದೂ ಅಲ್ಲೇ. ನಾವು ಹೋದಾಗ ಸೆರಗು ಸಿಕ್ಕಿಸಿಕೊಂಡು ಹಿತ್ತಲಲ್ಲಿ ನಿಂತು, ಗಾಡಿಗೆ ಗೊಬ್ಬರ ತುಂಬುವವರನ್ನು ದಬಾಯಿಸುತ್ತಿದ್ದರು. ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಊಟವಾದ ಮೇಲೆ ವಿಷಯ ಹೇಳಿದೆ. ಅತ್ತೆ ಬೈಯುತ್ತಾರೆಂದು ಹೆದರಿದ್ದೆ. ಅವರು ಸಿಂಚನಳನ್ನು ಹತ್ತಿರ ಕೂರಿಸಿಕೊಂಡರು.

“ನಿಮ್ಮಪ್ಪಂಗಿಂತ ಮುಂಚೆ ಮೂರು ಕೂಸು ಹುಟ್ಟಿ ಹೋದ್ವು ಕಣೇ. ಒಂದೂ ತಿಂಗಳು ತುಂಬ್ಲಿಲ್ಲ. ಇವ್ನು ಹುಟ್ಟಿದ ತಕ್ಷಣ ಮೊರದಲ್ಲಿ ಮಲಗ್ಸಿ ತಿಪ್ಪೆ ಮೇಲಿಟ್ಬಿಟ್ಟೆ. ಆಮ್ಯಾಕೆ ಒಂದ್ ಮೊರ ತೌಡು ಸುರ್ದು, ತಿಪ್ಪೆ ಹತ್ರ ಕೊಂಡ್ಕೊಂಡು ಬಂದೆ.”

“ತಿಪ್ಪೆ ಮೇಲೆ ಯಾಕಜ್ಜಿ?”

“ತಿಪ್ಪೆ ಯಾವ್ದನ್ನೂ ಸತ್ತೋಯ್ತು ಅಂತ ಬಿಡಾಕಿಲ್ಲ. ಸೆಗಣಿ ಹಾಕು, ಬೂದಿ ಹಾಕು, ಈರುಳ್ಳಿ ಸಿಪ್ಪೆ ಹಾಕು, ಎಲ್ಲಾನೂ ರಾಗಿ ಮಾಡಿ ಕೊಡ್ತದೆ. ಅದ್ರ ಮಗ ಅಂದ್ರೆ ಉಳ್ಕಂತಾನೆ ಅಂತ.”

ತಿಪ್ಪೆಯ ಮೇಲೆ ಮಲಗಿಸಿದ ಸಂಗತಿ ನನಗೆ ಗೊತ್ತಿತ್ತು. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ಅತ್ತೆ ಎದ್ದು ನಿಂತರು.

“ಬದ್ಲಾಯಿಸ್ಕೊಳ್ಳೋ ತಿಪ್ಪ, ನಾನೇನ್ ಬ್ಯಾಡ ಅನ್ನಲ್ಲ. ಆದ್ರೆ ಅದು ತಿಪ್ಪೆ ಹೆಸ್ರು. ಅದಕ್ಕೊಂದ್ ಮಾತು ಹೇಳ್ಬಿಟ್ಟು ಹೋಗು.”

ವಿಜ್ಞಾನದ ಮೇಷ್ಟ್ರು ತಿಪ್ಪೆಯೊಂದಿಗೆ ಮಾತಾಡುವುದೆಂದರೆ! ಆದರೆ ಅತ್ತೆಯ ಮಾತು ಮೀರುವ ಧೈರ್ಯ ನನಗಿಲ್ಲ. ಹೋಗಿ ನಿಂತೆ. ಗಾಡಿಯವರು ಅರ್ಧ ಅಗೆದ ಕಡೆಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಸಿಂಚನ ಕೈಯಿಟ್ಟು, “ಅಯ್ಯೋ, ಬಿಸಿ!” ಎಂದು ಎಳೆದುಕೊಂಡಳು.

ಒಳಗೆ ಕಣ್ಣಿಗೆ ಕಾಣದ ಜೀವಿಗಳು ಉಣ್ಣುತ್ತಿವೆ, ಉಸಿರಾಡುತ್ತಿವೆ, ಅದಕ್ಕೇ ಈ ಕಾವು ಎಂದೆ. ಅವುಗಳ ಉಸಿರಿನಲ್ಲಿ ಇಂಗಾಲ ಗಾಳಿಗೆ ಹೋಗುತ್ತದೆ. ಆ ಗಾಳಿಯಿಂದಲೇ, ಮಳೆಗಾಲದಲ್ಲಿ ಎದುರಿನ ಹೊಲದಲ್ಲಿ ಬೆಳೆಯುವ ರಾಗಿಯ ಎಲೆ ಅದನ್ನು ಹಿಡಿದುಕೊಳ್ಳುತ್ತದೆ. ಸಾರಜನಕ, ರಂಜಕಗಳು ಗೊಬ್ಬರದ ಜೊತೆ ಮಣ್ಣಿಗೆ ಸೇರಿ ಬೇರಿಗೆ ಸಿಗುತ್ತವೆ. ಹುಲ್ಲನ್ನು ದನ ತಿನ್ನುತ್ತದೆ, ಸೆಗಣಿ ಮತ್ತೆ ಇಲ್ಲಿಗೇ ಬರುತ್ತದೆ. ಎಷ್ಟೋ ಸಲ ಹೇಳಿದ ಪಾಠ, ಆದರೆ ತಿಪ್ಪೆಯ ಎದುರು ನಿಂತು ಹೇಳಿದ್ದು ಇದೇ ಮೊದಲು.

“ಈಗ ಹೇಳಪ್ಪಾ,” ಎಂದಳು.

ಯಾರ ಮುಂದಾದರೂ ನಿಂತು ಮಾತು ಶುರು ಮಾಡಬೇಕಾದರೆ ಮೊದಲು ತಾನು ಯಾರೆಂದು ಹೇಳಬೇಕಲ್ಲ. “ನಾನು ತಿಪ್ಪೇಶ,” ಎಂದೆ. ತರುಣ್ ಎಂಬ ಹೆಸರನ್ನು ಎತ್ತದೆ ಅಲ್ಲಿಗೇ ನಿಲ್ಲಿಸಿದೆ. ನನ್ನನ್ನು ಉಳಿಸಿಕೊಡೆಂದು ಒಬ್ಬ ಹೆಂಗಸು ಮೊರ ಹಿಡಿದು ಇದೇ ಜಾಗದಲ್ಲಿ ನಿಂತಿದ್ದಳು. ಅಂಥ ಹೆಸರು ಇನ್ನಾರಿಗುಂಟು ಎಂದು ಎದೆ ತುಂಬಿ ಬಂತು.

ಸಿಂಚನ ಚಪ್ಪಲಿ ಬಿಟ್ಟು ಮುಂದೆ ಬಂದಳು. ತಿಪ್ಪೆಗೆ ಕೈ ಮುಗಿದು, “ಅಜ್ಜೀ, ನಾನು ನಿನ್ ಮೊಮ್ಮಗಳು,” ಎಂದಳು. ಹಿಂದೆ ನಿಂತಿದ್ದ ಗಂಗಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಾಪಸು ಬರುವಾಗ ಬೀರೂರಿನ ಬಸ್ಸಿನಲ್ಲಿ ಜಾಗ ಸಿಕ್ಕಿತು. ಅವಳು ಬ್ಯಾಗಿನಿಂದ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡು, ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದಳು. ಬಸ್ಸಿನ ಕುಲುಕಾಟಕ್ಕೆ ಪಕಾರದ ಒತ್ತು ಗೆರೆಯಾಚೆ ಜಾರಿತು.

“ಮನೆಗೆ ಹೋಗಿ ತಿದ್ದಿದ್ರಾಯ್ತು ಬಿಡು,” ಎಂದೆ.

“ತಿದ್ದೋದೇನೂ ಇಲ್ಲಪ್ಪ,” ಎಂದಳು.