ಬಿಸ್ಕತ್ತಿನ ಬಣ್ಣ

ಅವನನ್ನು ಎಲ್ಲರೂ ಬಿಸ್ಕತ್ತಣ್ಣ ಎಂದೇ ಕರೆಯುತ್ತಿದ್ದರು. ತಿನ್ನುವ ಚಪಲದಿಂದ ಬಂದ ಹೆಸರಲ್ಲ. ನಲವತ್ತು ವರ್ಷ ಹಳೆಯ ನೂರು ಸಿಸಿ ಟೂ-ಸ್ಟ್ರೋಕ್ ಬೈಕುಗಳನ್ನು ರೇಸಿಗೆ ಹದ ಮಾಡುವುದು ಅವನ ಕಸುಬು. ಟ್ರ್ಯಾಕಿನಲ್ಲಿ ಪೂರ್ತಿ ವೇಗದಲ್ಲಿ ಓಡಿಸಿ, ತಟ್ಟನೆ ಇಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡುವುದು ಅವನ ಪದ್ಧತಿ. ಕಪ್ಪಗಿದ್ದರೆ ಪೆಟ್ರೋಲು ಹೆಚ್ಚಾಯಿತು, ಬೈಕು ಮುಗ್ಗರಿಸುತ್ತದೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಇಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಓಡುತ್ತಿದ್ದ ಹಿಂಚಕ್ರ ಹಾಗೇ ನಿಂತುಬಿಡುತ್ತದೆ. ಚೆನ್ನಾಗಿ ಬೆಂದ ಬಿಸ್ಕತ್ತಿನ ಬಣ್ಣ ಬಂದರೆ ಮಾತ್ರ ಸರಿ. ಮೀಟರು ಗೀಟರು ಹಿಡಿದು ಬರುವ ಹೊಸಬರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

"ದೇವರು ಎರಡು ಕಣ್ಣು ಕೊಟ್ಟಿರೋದು ಕನ್ನಡಕ ಮಾರೋರ ಹೊಟ್ಟೆಪಾಡಿಗಾ?" ಎನ್ನುತ್ತಿದ್ದ.

ಆ ಕಣ್ಣೇ ಕೊನೆಗೆ ಕೈಕೊಟ್ಟಿತು. ಒಂದು ಬೆಳಿಗ್ಗೆ ಹೆಂಡತಿಯ ಮೇಲೆ ರೇಗಿದ. "ಈ ಬಿಳಿ ಅಂಗೀನ ಒಗೆದಿದ್ದೀಯೋ, ಟೀಯಲ್ಲಿ ಅದ್ದಿ ತೆಗೆದಿದ್ದೀಯೋ?"

"ಅದು ನಿನ್ನೆ ತಂದ ಹೊಸ ಅಂಗಿ ಕಣ್ರೀ. ಇನ್ನೂ ನೀರು ಮುಟ್ಟಿಲ್ಲ."

ಅವಳು ಬಿಡಲಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಇನ್ನು ದೂರದ್ದು ಮಸುಕು, ಬಿಳಿಯೆಲ್ಲ ಕಂದು, ಬೇಗ ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ರೇಸುಗಳೆಲ್ಲ ಮುಗೀಲಿ ಎಂದು ಇವನು ಎದ್ದು ಬಂದ. ಕಣ್ಣು ಹೋಯಿತು ಎಂದು ಗೊತ್ತಾದರೆ ಅವನ ಶೆಡ್ಡಿಗೆ ಯಾರು ಬರುತ್ತಾರೆ?

"ನಿಮ್ಮ ತಮ್ಮನಿಗಾದ್ರೂ ಹೇಳಿ," ಎಂದಳು ಹೆಂಡತಿ ದಾರಿಯಲ್ಲಿ. "ಆ ಬೈಕಿನ ಮೇಲೆ ಕೂರೋದು ಅವನು."

"ಅವನಿಗಂತೂ ಹೇಳಲೇಬಾರದು. ಬಾಯಿ ಬಿಟ್ಟೆಯೋ, ನೋಡು."

ತಮ್ಮ ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಅಪ್ಪ ಅಮ್ಮ ಹೋದ ಮೇಲೆ ಇವನೇ ಸಾಕಿದ್ದು. ವಾರವೆಲ್ಲ ದರ್ಜಿ ಕೆಲಸ, ಭಾನುವಾರ ಅಣ್ಣ ಹದ ಮಾಡಿದ ಬೈಕು. ಅಣ್ಣ ಗೆರೆ ಎಳೆದರೆ ದಾಟುವವನಲ್ಲ. ತಂಗಾಳಿಯಂಥ ಆ ಮನುಷ್ಯನ ನೀರನ್ನೂ ಅಣ್ಣ ಒಂದು ಸಲ ಎಲ್ಲರೆದುರು ಇಳಿಸಿದ್ದುಂಟು. ಹಳೆಯ ಟೂ-ಸ್ಟ್ರೋಕ್ ಓಡಿಸುವವರು ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟುಕೊಂಡಿರುತ್ತಾರೆ. ಇಂಜಿನ್ ಕಚ್ಚಿಕೊಂಡ ಕ್ಷಣ ಕ್ಲಚ್ ಒತ್ತಿದರೆ ಚಕ್ರ ಮತ್ತೆ ಉರುಳುತ್ತದೆ, ಬಿದ್ದು ಸಾಯುವುದು ತಪ್ಪುತ್ತದೆ. ತಮ್ಮನೂ ಹಾಗೆ ಇಟ್ಟುಕೊಂಡಿದ್ದು ಕಂಡು ಇವನು ಕೆಂಡವಾದ.

"ನನ್ನ ಇಂಜಿನ್ ಮೇಲೆ ಬೆರಳಿಟ್ಕೊಂಡು ಕೂರ್ತೀಯಾ? ನಾನೇನು ಯಾವನೋ ದಾರಿಹೋಕನಾ?"

ಅಂದಿನಿಂದ ತಮ್ಮ ಅಣ್ಣನ ಬೈಕಿನ ಮೇಲೆ ಐದೂ ಬೆರಳಿಂದ ಹ್ಯಾಂಡಲನ್ನೇ ಹಿಡಿದ. ಇವನಿಗೆ ಅದೊಂದು ದೊಡ್ಡ ಹೆಮ್ಮೆ. ಹೆಮ್ಮೆಯಂತೆ ಹೆಮ್ಮೆ!

ವರ್ಷದ ಕೊನೆಯ ರೇಸಿನ ದಿನ ಬೆಳಿಗ್ಗೆ ಚಳಿಯಿತ್ತು. ಚಳಿಯಲ್ಲಿ ಗಾಳಿ ದಟ್ಟ, ಇಂಜಿನ್ನಿಗೆ ಪೆಟ್ರೋಲು ಇನ್ನಷ್ಟು ಬೇಕು. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಸುತ್ತು ಓಡಿಸಿ ಬಂದ ಮೇಲೆ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ. ಬಿಸ್ಕತ್ತಿನ ಬಣ್ಣವೇ ಕಂಡಿತು. ಈಚೆಗೆ ಅವನಿಗೆ ಎಲ್ಲವೂ ಬಿಸ್ಕತ್ತಿನ ಬಣ್ಣವೇ.

ತಮ್ಮ ಬಗ್ಗಿ ನೋಡಿದ. "ಅಣ್ಣ, ಸ್ವಲ್ಪ ಬೆಳ್ಳಗಿಲ್ವಾ?"

ಅಣ್ಣನಿಗೆ ಒಳಗೆ ಏನೋ ಚುಚ್ಚಿತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ ತೆಗೆದು ಒಂದು ಸೈಜು ದೊಡ್ಡದು ಹಾಕುವುದು ಐದು ನಿಮಿಷದ ಕೆಲಸ. ಆದರೆ ಸುತ್ತ ನಾಲ್ಕು ಜನ ನಿಂತಿದ್ದರು.

"ನೀನು ಬಟ್ಟೆ ಬಣ್ಣ ನೋಡ್ಕೋ. ಇದನ್ನ ನಂಗೆ ಬಿಡು," ಎಂದ. ನಾಲ್ಕೂ ಜನ ನಕ್ಕರು. ತಮ್ಮನೂ ನಕ್ಕು ಹೆಲ್ಮೆಟ್ ಹಾಕಿಕೊಂಡ.

ಮೂರನೇ ಸುತ್ತಿನಲ್ಲಿ, ನೇರ ದಾರಿಯ ಕೊನೆಯಲ್ಲಿ, ಇಂಜಿನ್ ಸದ್ದು ಕತ್ತರಿಸಿದ ಹಾಗೆ ನಿಂತಿತು. ಉರುಳಿಬಿದ್ದ ತಮ್ಮನ ಜೀವ ಉಳಿಯಿತು. ಬಲಗೈ ಬೈಕಿನಡಿ ಸಿಕ್ಕಿ ಮಣಿಕಟ್ಟು, ಹೆಬ್ಬೆರಳು ಎಲ್ಲ ಪುಡಿಯಾದವು. ಬಿಸ್ಕತ್ತಣ್ಣ ಕೇಳಿದವರಿಗೆಲ್ಲ ಪೆಟ್ರೋಲಿನಲ್ಲಿ ಕಲಬೆರಕೆ ಎಂದ. ಆಸ್ಪತ್ರೆಯ ಮಂಚದಲ್ಲಿ ತಮ್ಮನೂ ಹೌದು ಎಂದು ತಲೆಯಾಡಿಸಿದ. ಅತ್ತಿಗೆ ಮಾತ್ರ ಗಂಡನ ಮುಖ ನೋಡದೆ ಹೊರಗೆ ಹೋದಳು.

ಆಮೇಲೆ ಅವಳೇ ನಿಂತು ಗಂಡನ ಆಪರೇಷನ್ ಮಾಡಿಸಿದಳು. ಪಟ್ಟಿ ಬಿಚ್ಚಿದ ದಿನ ಗೋಡೆ ಬೆಳ್ಳಗಿತ್ತು, ಅಂಗಿ ಬೆಳ್ಳಗಿತ್ತು. ಮನೆಗೆ ಬಂದವನೇ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಆ ರೇಸಿನ ದಿನದ ಪ್ಲಗ್ ತೆಗೆದ. ಅದೂ ಸುಣ್ಣದ ಹಾಗೆ ಬೆಳ್ಳಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ತಮ್ಮನ ಅಂಗಡಿಗೆ ನಡೆದ.

ತಮ್ಮ ಎಡಗೈಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಯುತ್ತಿದ್ದ. ಬಲಗೈಯವರಿಗೆ ಮಾಡಿದ ಕತ್ತರಿ, ಬಟ್ಟೆಯನ್ನು ಕತ್ತರಿಸದೆ ಅಗಿಯುತ್ತಿತ್ತು. ಅಣ್ಣ ಪ್ಲಗ್ಗನ್ನು ಮೇಜಿನ ಮೇಲಿಟ್ಟ.

"ಪೆಟ್ರೋಲಲ್ಲ ಕಣೋ. ನನ್ನ ಕಣ್ಣು."

"ಗೊತ್ತು."

"ನಿಮ್ಮತ್ತಿಗೆ ಹೇಳಿದ್ಲಾ?"

"ಯಾರೂ ಹೇಳ್ಲಿಲ್ಲ. ಅವತ್ತೇ ಬೆಳ್ಳಗೆ ಕಾಣಿಸ್ತಲ್ಲ."

ಅಣ್ಣನಿಗೆ ನಾಚಿಕೆಯಾಯಿತು, ನಾಚಿಕೆಯಾದಾಗ ಗದರುವುದೊಂದೇ ಅವನಿಗೆ ಬರುತ್ತಿದ್ದುದು. "ಹಂಗಾದ್ರೆ ಕ್ಲಚ್ ಮೇಲೆ ಬೆರಳಾದ್ರೂ ಇಟ್ಕೋಬಾರ್ದಿತ್ತಾ, ಮುಟ್ಠಾಳ?"

"ಇಟ್ಕೊಂಡಿದ್ದೆ. ಎರಡು ಸುತ್ತೂ ಇಟ್ಕೊಂಡೇ ಇದ್ದೆ." ತಮ್ಮ ಕತ್ತರಿ ಕೆಳಗಿಟ್ಟ. "ಮೂರನೇ ಸಲ ಬರುವಾಗ ನೀನು ಟ್ರ್ಯಾಕ್ ಪಕ್ಕದ ಗೋಡೆ ಹತ್ರ ನಿಂತು ನನ್ನೇ ನೋಡ್ತಿದ್ದೆ. ಬೇಜಾರು ಮಾಡ್ಕೋತೀಯ ಅಂತ ತೆಗೆದ್ಬಿಟ್ಟೆ."

ಬಿಸ್ಕತ್ತಣ್ಣ ಮೇಜಿನ ಮೇಲಿನ ಪ್ಲಗ್ಗನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದ. ಅವತ್ತು ಆ ಗೋಡೆಯ ಹತ್ತಿರದಿಂದ ಅವನಿಗೆ ಬೆರಳಿರಲಿ, ಬರುತ್ತಿರುವುದು ತಮ್ಮನೋ ಬೇರೆ ಯಾರೋ ಎಂಬುದೂ ಕಂಡಿರಲಿಲ್ಲ.