ಎಡಗೆನ್ನೆ ಹೇಳಿದ ಸುಳ್ಳು

ಹೊಸ ಕ್ರೀಮು, ಹೊಸ ಎಣ್ಣೆ, ಏನೇ ಬರಲಿ, ಮೊದಲು ಬೀಳುತ್ತಿದ್ದದ್ದು ಅವರ ಎಡಗೆನ್ನೆಗೆ. ಬಲಗೆನ್ನೆಗೆ ಹಳೆಯದೇ. ಕೆಲವು ವಾರ ಕಳೆದ ಮೇಲೆ ಕಿಟಕಿಯ ಬೆಳಕಿಗೆ ಮುಖ ಒಡ್ಡಿ, "ವ್ಯತ್ಯಾಸ ಕಂಡ್ರೆ ತಗೊಳ್ರಮ್ಮ, ಕಾಣದಿದ್ರೆ ದುಡ್ಡು ಉಳಿಸ್ಕೊಳ್ಳಿ" ಎನ್ನುತ್ತಿದ್ದರು. ಬೀದಿಯ ಹೆಂಗಸರು ಅವರಿಗೆ ಇಟ್ಟ ಹೆಸರು ಅರ್ಧಮುಖದಕ್ಕ. ಎರಡು ಕುರ್ಚಿ, ಅಂಚು ಕಪ್ಪಾದ ಕನ್ನಡಿ, ಹುಬ್ಬು ತೀಡುವ ದಾರದ ಉಂಡೆ, ಇಷ್ಟೇ ಅವರ ಪಾರ್ಲರ್. ಆದರೆ ದೊಡ್ಡ ಅಂಗಡಿಗಳ ಜಾಹೀರಾತಿಗಿಂತ ಆ ಎಡಗೆನ್ನೆಗೆ ಬೆಲೆ ಹೆಚ್ಚಿತ್ತು.

ತಂಗಿಯ ಮಗಳು ಪುಟ್ಟಿ ಬೆಳೆದದ್ದೇ ಆ ಪಾರ್ಲರಿನ ಬೆಂಚಿನ ಮೇಲೆ. ಶಾಲೆ ಬಿಟ್ಟೊಡನೆ ಓಡಿ ಬಂದು, ದಾರದ ಉಂಡೆ ಗೋಜಲು ಮಾಡಿ, ಬೈಸಿಕೊಂಡು ಅಲ್ಲೇ ನಿದ್ದೆ ಹೋಗುತ್ತಿದ್ದವಳು. ಈಗ ಸೌಂದರ್ಯವರ್ಧಕ ಕಂಪನಿಯೊಂದರ ಮಾರಾಟಗಾರ್ತಿ. ಒಂದು ದಿನ ಕಂದು ಗಾಜಿನ ಪುಟ್ಟ ಬಾಟಲಿಯೊಂದನ್ನು ತಂದಿಟ್ಟಳು.

"ದೊಡ್ಡಮ್ಮ, ಬಾವಂಚಿ ಬೀಜದ ಸೀರಮ್. ಸುಕ್ಕಿಗೆ ಹಚ್ತಾರಲ್ಲ ರೆಟಿನಾಲ್, ಅದು ಮಾಡೋ ಕೆಲಸಾನೇ ಮಾಡುತ್ತೆ, ಆದ್ರೆ ಗಿಡದ್ದು. ಉರಿಯಲ್ಲ, ಸಿಪ್ಪೆ ಏಳಲ್ಲ."

"ಬೆಲೆ ಕೇಳಿದ್ರೇನೇ ಉರಿಯುತ್ತಲ್ಲೇ!"

"ಇದು ಸ್ಯಾಂಪಲ್, ಪುಕ್ಕಟೆ. ಹಚ್ಚಿ ನೋಡು, ನಿನ್ನ ಕೆನ್ನೆ ಹೇಳಲಿ."

ಹಚ್ಚಿದರು. ಮೊದಲ ವಾರವೇ ಎಡಗೆನ್ನೆ ಕೆಂಪಾಗಿ ಸಿಪ್ಪೆ ಎದ್ದಿತು. ಫೋನ್ ಮಾಡಿದರೆ, "ನೀನು ಜಾಸ್ತಿ ಹಚ್ಚಿರ್ತೀಯ ಬಿಡು, ಹಳೇ ಚರ್ಮ ಹೋಗ್ತಿದೆ" ಎಂದಳು ಪುಟ್ಟಿ. ಬೇರೆ ಯಾರೇ ಹೀಗೆ ಹೇಳಿದ್ದರೂ ಅಕ್ಕ ಬಾಟಲಿಯನ್ನು ಬೀದಿಗೆ ಎಸೆಯುತ್ತಿದ್ದರು. ಇದು ಮನೆಮಗು, ನಂಬಿದರು. ತಿಂಗಳೊಪ್ಪತ್ತಿನಲ್ಲಿ ಎಡಗಣ್ಣಿನ ಕೆಳಗಿನ ಗೆರೆಗಳು ನಿಜಕ್ಕೂ ತೆಳುವಾದವು.

ಆಗಲೇ ಬಂದವಳು ಬಸ್ ಕಂಡಕ್ಟರ್. ಪಾರ್ಲರಿನ ಮುಂದೆ ಬಸ್ಸು ಹಾಯುವಾಗಲೆಲ್ಲ ಅಕ್ಕನಿಗಾಗಿ ಒಂದು ತುಂಡು ಸೀಟಿ ಊದುವ ಹುಡುಗಿ. ಈಗ ಬಸುರಿ. ಕೆನ್ನೆಯ ಮೇಲೆ ಬಂಗು ಎದ್ದಿತ್ತು.

"ಮಗು ಹುಟ್ಟೋವರೆಗೂ ರೆಟಿನಾಲ್ ಮುಟ್ಟಲೇಬೇಡ ಅಂದಿದಾರೆ ಡಾಕ್ಟರು. ಗಿಡದ್ದು ಹಚ್ಚಬಹುದಂತೆ. ನೀವು ತಗೋ ಅಂದ್ರೆ ತಗೊಳ್ತೀನಿ ಅಕ್ಕ, ಇಲ್ಲಾಂದ್ರೆ ಇಲ್ಲ."

ಅಕ್ಕ ಎಡಗೆನ್ನೆ ತೋರಿಸಿದರು. ಆಮೇಲೆ, ಬಸುರಿ ಹುಡುಗಿಗೆ ಖರ್ಚು ಯಾಕೆ ಎಂದು, ಪುಟ್ಟಿ ಮಾರಾಟಕ್ಕೆಂದು ಮೇಜಿನ ಮೇಲೆ ಇಟ್ಟುಹೋಗಿದ್ದ ಸೀಲಿನ ಬಾಟಲಿ ಬಿಟ್ಟು ತಾವು ಬಳಸುತ್ತಿದ್ದದ್ದನ್ನೇ ಅವಳ ಕೈಗಿಟ್ಟರು. "ಇದು ನಾನು ಹಚ್ಚಿ ನೋಡಿರೋದು. ಇದನ್ನೇ ಹಚ್ಚು."

ಸೀಲಿನದ್ದನ್ನು ತಮಗೆ ಒಡೆದುಕೊಂಡರು. ಮೊದಲಿನದು ಹಳದಿ, ಇದು ನೀರಿನ ಹಾಗೆ. ಚುರುಗುಟ್ಟಲಿಲ್ಲ, ವಾರಗಳು ಕಳೆದರೂ ಸಿಪ್ಪೆಯ ಸುಳಿವಿಲ್ಲ. ಅನುಮಾನ ಬಂದು ಪುಟ್ಟಿಯನ್ನು ಕರೆಸಿದರು.

"ಸ್ಯಾಂಪಲ್‌ಗೆ ಸ್ವಲ್ಪ ಅಸಲಿ ರೆಟಿನಾಲ್ ಬೆರೆಸಿದ್ದೆ," ಎಂದಳು ಪುಟ್ಟಿ, ಬ್ಯಾಗಿನ ಜಿಪ್ಪು ಎಳೆಯುತ್ತ. "ಗಿಡದ್ದು ನಿಧಾನ ದೊಡ್ಡಮ್ಮ. ಅಲ್ಲೀತನಕ ಯಾರು ಕಾಯ್ತಾರೆ? ನಿನ್ನ ಕೆನ್ನೆ ಹೂಂ ಅಂದ್ರೆ ಇಡೀ ಬೀದಿ ಹೂಂ ಅನ್ನುತ್ತೆ. ಮಾರೋ ಬಾಟಲೀಲಿ ಏನೂ ಬೆರೆಸಿಲ್ಲ. ಯಾರಿಗೇನು ನಷ್ಟ?"

"ಆ ಬಾಟಲಿ ಕಂಡಕ್ಟರ್ ಹುಡುಗಿಗೆ ಕೊಟ್ಟೆ ಕಣೇ."

ಪುಟ್ಟಿಯ ಮುಖ ಬಿಳುಚಿತು. ಆದರೂ ಬಾಯಿಂದ ಬಂದದ್ದು ಇದು: "ಬಳಸಿದ್ದನ್ನ ಯಾರಾದ್ರೂ ಇನ್ನೊಬ್ಬರಿಗೆ ಕೊಡ್ತಾರಾ?"

ಕಳ್ಳನಿಗೆ ಬೀಗ ಒಡೆಯುವ ಶ್ರಮವಾದರೂ ಇರುತ್ತದೆ. ಇವಳಿಗೆ ಕೀಲಿಕೈ ಇಡುವ ಜಾಗವೇ ಗೊತ್ತಿತ್ತು. ದೊಡ್ಡಮ್ಮ ಯಾವ ಕೆನ್ನೆಗೆ ಹಚ್ಚುತ್ತಾರೆ, ಯಾರ ಮಾತನ್ನು ಪರೀಕ್ಷೆ ಮಾಡದೆ ನಂಬುತ್ತಾರೆ, ಎಲ್ಲ ಆ ಬೆಂಚಿನ ಮೇಲೆ ಕೂತೇ ಕಲಿತದ್ದು. ಸಿಕ್ಕಿಬಿದ್ದಾಗ ತಪ್ಪನ್ನು ದೊಡ್ಡಮ್ಮನ ಧಾರಾಳತನದ ತಲೆಗೇ ಕಟ್ಟಿದಳು. ಗಿಡದ ಹೆಸರಲ್ಲಿ ದುಬಾರಿ ಬೆಲೆ ಹಾಕುವ ಕಂಪನಿಗೆ ಆ ಗಿಡದ ಮೇಲೇ ನಂಬಿಕೆಯಿಲ್ಲದ ಇಂಥ ಮಾರಾಟಗಾರ್ತಿಯರೇ ಬೇಕೇನೋ.

ಅಕ್ಕ ಪಾರ್ಲರಿಗೆ ಬೀಗ ಹಾಕುವುದನ್ನೂ ಮರೆತು ಬಸ್ ನಿಲ್ದಾಣಕ್ಕೆ ಓಡಿದರು. ಕಂಡಕ್ಟರ್ ಟಿಕೆಟ್ ಯಂತ್ರ ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡಳು.

"ದಿನಾ ಹಚ್ಚಿದೀನಲ್ಲ ಅಕ್ಕ," ಎಂದಳು ಕೊನೆಗೆ. "ಸಿಪ್ಪೆ ಎದ್ದಾಗ ನನ್ನ ಗಂಡ ಬೇಡ ಅಂದ್ರು. ಅಕ್ಕ ಹಚ್ಚಿ ನೋಡಿರೋದು, ಸುಮ್ನಿರಿ ಅಂತ ನಾನೇ ಜಗಳ ಆಡ್ದೆ."

ಇಬ್ಬರೂ ಅಂದೇ ಡಾಕ್ಟರ ಬಳಿ ಹೋದರು. ಹಚ್ಚುವುದನ್ನು ಕೂಡಲೇ ನಿಲ್ಲಿಸಬೇಕು, ಚರ್ಮಕ್ಕೆ ಹಚ್ಚಿದ್ದು ಮೈಗೆ ಸೇರುವುದು ಕಡಿಮೆ, ಬಹುಶಃ ಏನೂ ಆಗಲಿಕ್ಕಿಲ್ಲ ಎಂದರು ಡಾಕ್ಟರು. ಆ 'ಬಹುಶಃ'ವನ್ನು ಹೊಟ್ಟೆಯ ಮಗುವಿನ ಜೊತೆಗೇ ಹೊತ್ತುಕೊಂಡು ತಿರುಗಬೇಕಾದವಳು ಕಂಡಕ್ಟರ್.

ಈಗಲೂ ಹೆಂಗಸರು ಕೇಳುತ್ತಾರೆ, ಆ ಸೀರಮ್ ತಗೋಬಹುದಾ ಅಕ್ಕ ಎಂದು.

"ಸೀಲಿನದ್ದು ನಂಗೇನೂ ಕೆಟ್ಟದ್ದು ಮಾಡ್ಲಿಲ್ಲ. ಕಣ್ಣಿಗೆ ಕಾಣೋ ಹಾಗೆ ಒಳ್ಳೇದೂ ಮಾಡ್ಲಿಲ್ಲ. ಅಷ್ಟು ಬೆಲೆ ಕೊಡಿ ಅಂತ ನಾನು ಹೇಳಲ್ಲ. ನನ್ನ ಕೆನ್ನೆ ಮಾತ್ರ ನೋಡ್ಬೇಡಿ."

ಪುಟ್ಟಿ ಬಾಗಿಲಿಗೆ ಬಂದರೆ ಅಕ್ಕ ತಲೆ ಎತ್ತುವುದಿಲ್ಲ. ಬಸ್ಸಿನ ಸದ್ದಿಗೆ ಮಾತ್ರ ಎತ್ತುತ್ತಾರೆ, ದಾರದ ತುದಿ ಹಲ್ಲಲ್ಲೇ ಇರುತ್ತದೆ. ಬಸ್ಸು ಹಾದು ಹೋಗುತ್ತದೆ, ಸೀಟಿ ಇಲ್ಲದೆ.