ಸುಮ್ಮನೆ ಮುಂದಕ್ಕೆ ಓಡಿದ ಪ್ರೋಗ್ರಾಂ

ಬೇತಮಂಗಲದ ಅನಸೂಯಮ್ಮ ರಾಗಿ ಬೆಳೆಯುವ ಮನೆಯ ಮಗಳು. ಬಿಎಸ್ಸಿ ಮುಗಿಸಿ ಕಂಪ್ಯೂಟರ್ ಕಲಿತು, ೧೯೮೯ರಲ್ಲಿ ಬಂಗಾರಪೇಟೆಯ ಪಂಪಿನ ಕಾರ್ಖಾನೆಯೊಂದಕ್ಕೆ ಸೇರಿದ್ದಳು. ದಾಸ್ತಾನಿನ ವಿವರವನ್ನು ಫ್ಲಾಪಿಯಿಂದ ಓದಿ ಮುದ್ರಿಸುವ ಪ್ರೋಗ್ರಾಂ ಅವಳದೇ.

ಒಂದು ಬೆಳಿಗ್ಗೆ ಗೋದಾಮಿನ ಕುಪ್ಪುಸ್ವಾಮಿ ಅದು ಮುದ್ರಿಸಿದ ಪಟ್ಟಿ ಹಿಡಿದು ಬಂದು ನಿಂತ.

"ಎನ್ನಮ್ಮಾ ಇದು? ವಾಷರ್ ಎಷ್ಟೈತೋ ಶಾಫ್ಟೂ ಅಷ್ಟೇ ಐತೆ ಅಂತ ಬಂದೈತೆ. ಗೋಡೌನಾಗೆ ಒಂದು ಶಾಫ್ಟೂ ಇಲ್ಲ. ಪಂಪು ಜೋಡ್ಸೋರು ಸುಮ್ನೆ ಕೂತವ್ರೆ."

ಅನಸೂಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಫ್ಲಾಪಿ ಸರಿಯಾಗಿ ಓದಿಲ್ಲವೇನೋ ಎನಿಸಿತು. ಆದರೆ ಓದಲಾಗದಿದ್ದರೆ ಏನು ಮಾಡಬೇಕೆಂದು ಅವಳೇ ಬರೆದಿದ್ದಳಲ್ಲ! ಪ್ರೋಗ್ರಾಂ ತೆಗೆದು ನೋಡಿದಳು. ಆ ಸಾಲುಗಳು ಇದ್ದವು. ಮತ್ತೆ ನೋಡಿದಳು. ಆಗಲೂ ಇದ್ದವು. ಮೇಲಿನ ಅಧಿಕಾರಿ ಚಂದ್ರಶೇಖರ್ ಅವರೂ ಓದಿ, "ಸರಿಯಾಗೇ ಇದೆಯಲ್ರೀ, ಮಷೀನಿಂದೇ ತೊಂದರೆ" ಎಂದರು.

ಮನಸ್ಸು ಒಪ್ಪಲಿಲ್ಲ. ಪ್ರೋಗ್ರಾಂ ಓಡುತ್ತಿರುವಾಗಲೇ ಬೇಕೆಂದೇ ಫ್ಲಾಪಿ ಹಾಕುವ ಡ್ರೈವಿನ ಬಾಗಿಲು ತೆರೆದುಬಿಟ್ಟಳು. ಏನೂ ಆಗಲಿಲ್ಲ. ಪ್ರಿಂಟರ್ ಕರಕರ ಎನ್ನುತ್ತಾ ಹಿಂದಿನ ಸಾಮಾನಿನ ಲೆಕ್ಕವನ್ನೇ ಮುಂದಿನದರ ಎದುರಿಗೂ ಬರೆಯುತ್ತಾ ಹೋಯಿತು. ಬಾಗಿಲನ್ನು ನಿಜವಾಗಿಯೂ ತೆರೆದೆನೇ ಎಂದು ತನ್ನ ಕೈಯನ್ನೇ ನೋಡಿಕೊಂಡಳು.

ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾ ಹೋದಾಗ ಕೊನೆಗೆ ಸಿಕ್ಕಿತು. ತಪ್ಪಾದರೆ 'ಓದಲಾಗಲಿಲ್ಲ' ಎಂಬ ಮಾತನ್ನು ಪ್ರೋಗ್ರಾಂ ತನ್ನೊಳಗೆ ಬರೆದಿಟ್ಟುಕೊಳ್ಳುತ್ತಿತ್ತು. ಅದನ್ನು ಪರದೆಯ ಮೇಲೆ ತೋರಿಸು, ನಿಲ್ಲು ಎಂದು ಅವಳು ಎಲ್ಲೂ ಹೇಳಿರಲಿಲ್ಲ. ಹಾಗಾಗಿ ಅದು ಸೀದಾ ಮುಂದಕ್ಕೆ ಹೋಗುತ್ತಿತ್ತು. ಆ ಎರಡು ಸಾಲು ಸೇರಿಸಿ ಮತ್ತೆ ಬಾಗಿಲು ತೆರೆದಳು. ಈ ಸಲ ಕಂಪ್ಯೂಟರ್ ಕೂಗಿ ನಿಂತಿತು.

ಚಂದ್ರಶೇಖರ್ ಅವರ ಮೇಜಿನ ಬಳಿಗೆ ಹೋದಳು. "ಸಾರ್, ತಪ್ಪಾದ್ರೆ ಏನ್ಮಾಡ್ಬೇಕು ಅಂತ ಬರ್ದಿರೋದನ್ನ ಓದಿ ನಂಬಬ್ಯಾಡಿ. ಬೇಕಂತಲೇ ಒಂದ್ಸಲ ತಪ್ಪು ಮಾಡ್ಸಿ ನೋಡಿ. ಸಾಮಾನಿಗೆ ಆರ್ಡರ್ ಕಳ್ಸೋಕೆ ನೀವು ಬರ್ದಿರೋ ಪ್ರೋಗ್ರಾಮೂ ನೋಡಾನ."

"ಅದು ವರ್ಷದಿಂದ ಒಂದ್ಸಲವೂ ನಿಂತಿಲ್ಲ ಕಣ್ರೀ."

"ಅದಕ್ಕೇ ಸಾರ್."

ಅದನ್ನು ಓಡಿಸಿ ಅವರೇ ಬಾಗಿಲು ತೆರೆದರು. ಅದೂ ನಿಲ್ಲಲಿಲ್ಲ.

ಚಂದ್ರಶೇಖರ್ ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಇಷ್ಟು ದಿನ ಕಳಿಸಿದ ಆರ್ಡರ್‌ಗಳಲ್ಲಿ ಸರಿ ಯಾವುದು, ತಪ್ಪು ಯಾವುದು?"

ಅನಸೂಯಮ್ಮ ದಾಸ್ತಾನಿನ ಪಟ್ಟಿಯನ್ನು ಕೈಗೆತ್ತಿಕೊಂಡಳು. ಕುಪ್ಪುಸ್ವಾಮಿಯನ್ನು ಜೊತೆಗೆ ಕರೆದುಕೊಂಡು ಇಬ್ಬರೂ ಗೋದಾಮಿಗೆ ನಡೆದರು. ಇರುವುದನ್ನೆಲ್ಲ ಕಣ್ಣಾರೆ ನೋಡಿ ಎಣಿಸದೆ ಬೇರೆ ದಾರಿಯಿರಲಿಲ್ಲ.